ಎರಡು ದಿನದ ಗೋ ಪಂದ್ಯ: ಯಾವ ಹೊತ್ತಿಗೆ ಏನು ನೋಡಬೇಕು?

ಗೋ ಆಟದ ನಿಯಮ ಕಲಿಯಲು ಅರ್ಧ ಗಂಟೆ ಸಾಕು. ಆದರೆ ವೃತ್ತಿಪರರ ದೊಡ್ಡ ಪಂದ್ಯ ನೋಡಲು ಕೂತವರು ಹತ್ತೇ ನಿಮಿಷಕ್ಕೆ ಎದ್ದುಬಿಡುತ್ತಾರೆ. ಪರದೆ ಮೇಲೆ ಇಬ್ಬರು ಬೋರ್ಡ್ ಮುಂದೆ ಕೂತಿರುತ್ತಾರೆ. ಒಬ್ಬರು ಬೀಸಣಿಗೆ ಬಿಚ್ಚುತ್ತಾರೆ, ಮಡಚುತ್ತಾರೆ. ಇಪ್ಪತ್ತು ನಿಮಿಷ ಕಳೆದರೂ ಒಂದು ಕಲ್ಲು ಬೀಳುವುದಿಲ್ಲ. ಬಿದ್ದಾಗ ಅದು ಅಲ್ಲೇ ಯಾಕೆ ಬಿತ್ತು ಅಂತ ತಿಳಿಯುವುದಿಲ್ಲ.

ನಿಮ್ಮ ಆಟ ಇನ್ನೂ ಎಳಸು ಅನ್ನುವುದು ಇದಕ್ಕೆ ಕಾರಣ ಅಲ್ಲ. ಎಲ್ಲ ನಡೆ ಅರ್ಥವಾಗಬೇಕು ಅಂತ ಕೂತರೆ ಬೇಸರ ಬರುವುದು ಖಂಡಿತ. ಯಾವ ಹೊತ್ತಿಗೆ ಬೋರ್ಡ್ ನೋಡಬೇಕು, ಯಾವ ಹೊತ್ತಿಗೆ ಗಡಿಯಾರ ನೋಡಬೇಕು ಅಂತ ಗೊತ್ತಿದ್ದರೆ ಹೊಸಬರೂ ಇಡೀ ಪಂದ್ಯ ನೋಡಬಹುದು. ಇಲ್ಲಿ ನಾನು ಜಪಾನಿನ ಕಿಸೇ ಪಂದ್ಯವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಎರಡು ದಿನ ನಡೆಯುವ ಆಟ ಅದು. ನಿಧಾನದ ಆಟವೇ ಕಲಿಯುವವರಿಗೆ ಒಳ್ಳೆಯದು.

1. ಇಷ್ಟು ನಿಯಮ ಗೊತ್ತಿದ್ದರೆ ಸಾಕು

ಬೋರ್ಡ್ ಮೇಲೆ 19 ಅಡ್ಡ ಗೆರೆ, 19 ಉದ್ದ ಗೆರೆ. ಗೆರೆ ಕೂಡುವ ಜಾಗ ಒಟ್ಟು 361. ಕಲ್ಲು ಇಡುವುದು ಅಲ್ಲೇ, ಮನೆಯ ಒಳಗಲ್ಲ. ಸುತ್ತುವರಿದ ಖಾಲಿ ಜಾಗಕ್ಕೂ ಹಿಡಿದ ಕಲ್ಲಿಗೂ ಅಂಕ, ಹೆಚ್ಚು ಅಂಕ ಇದ್ದವರಿಗೆ ಗೆಲುವು. ಕಪ್ಪು ಕಲ್ಲಿನವರು ಮೊದಲು ಆಡುತ್ತಾರೆ. ಇಟ್ಟ ಕಲ್ಲನ್ನು ಸರಿಸುವಂತಿಲ್ಲ. ಒಂದು ಕಲ್ಲಿಗೆ ಅಥವಾ ಕಲ್ಲುಗಳ ಗುಂಪಿಗೆ ಅಂಟಿಕೊಂಡ ಖಾಲಿ ಜಾಗಗಳನ್ನೆಲ್ಲ ಎದುರಾಳಿ ಮುಚ್ಚಿದರೆ ಅದು ಸೆರೆ. ಒಂದು ಗುಂಪು ತನ್ನೊಳಗೆ ಬೇರೆ ಬೇರೆಯಾದ ಎರಡು ಖಾಲಿ ಜಾಗ ಉಳಿಸಿಕೊಂಡರೆ ಅದನ್ನು ಸೆರೆ ಹಿಡಿಯಲು ಆಗುವುದಿಲ್ಲ. ಇವಕ್ಕೆ ಕಣ್ಣು ಅನ್ನುತ್ತಾರೆ. ಎರಡು ಕಣ್ಣಿದ್ದರೆ ಗುಂಪಿಗೆ ಜೀವ.

ಒಂದು ಕಲ್ಲನ್ನು ಅವರು ಹಿಡಿದರು, ತಕ್ಷಣ ಅದೇ ಜಾಗದಲ್ಲಿ ಇವರು ತಿರುಗಿ ಹಿಡಿದರು, ಹೀಗೇ ನಡೆದರೆ ಆಟ ಮುಗಿಯುವುದೇ ಇಲ್ಲ. ಅದಕ್ಕೆ ಕೋ ಅನ್ನುವ ನಿಯಮ. ತಿರುಗಿ ಹಿಡಿಯುವ ಮೊದಲು ಬೇರೆ ಕಡೆ ಒಂದು ನಡೆ ಆಡಿ ಬರಬೇಕು. ವೀಕ್ಷಕ ವಿವರಣೆಯಲ್ಲಿ ಈ ಪದ ಕೇಳಿಬಂದರೆ ಕುರ್ಚಿ ಹತ್ತಿರ ಎಳೆದುಕೊಳ್ಳಿ, ಬೋರ್ಡಿನ ಇನ್ನೊಂದು ಮೂಲೆಯಲ್ಲೂ ಏನೋ ಆಗಲಿದೆ ಅಂತ ಅರ್ಥ.

ಮೊದಲು ಆಡುವ ಲಾಭ ಕಪ್ಪಿಗೆ ಇದೆ ಅಲ್ವಾ, ಅದನ್ನು ಸರಿದೂಗಿಸಲು ಬಿಳಿಗೆ ಜಪಾನಿನಲ್ಲಿ 6.5 ಅಂಕ ಕೊಡುತ್ತಾರೆ. ಇದು ಕೋಮಿ. ಆ ಅರ್ಧ ಅಂಕದಿಂದಾಗಿ ಎಣಿಕೆಯಲ್ಲಿ ಸರಿಸಮ ಆಗುವುದಿಲ್ಲ.

ಇಷ್ಟನ್ನೂ ಓದಿದ ಮೇಲೆ 9 ಗೆರೆಯ ಚಿಕ್ಕ ಬೋರ್ಡಿನಲ್ಲಿ ಕೆಲವು ಆಟ ಆಡಿ. ಓಜಿಎಸ್ ಅನ್ನುವ ಆನ್‌ಲೈನ್ ತಾಣದಲ್ಲಿ ಉಚಿತವಾಗಿ ಆಡಬಹುದು. ಸೋಲುತ್ತೀರಿ, ಪರವಾಗಿಲ್ಲ. ಸೆರೆ ಆಗುವುದು ಅಂದರೆ ಏನು ಅಂತ ಕೈಗೆ ಗೊತ್ತಾಗಿರಬೇಕು, ಅಷ್ಟೆ.

2. ಒಂದು ಪಂದ್ಯ ಹಿಡಿಯಿರಿ

ಜಪಾನಿನಲ್ಲಿ ದೊಡ್ಡ ಟೈಟಲ್‌ಗಳು ಏಳು: ಕಿಸೇ, ಮೇಜಿನ್, ಹೊನಿನ್‌ಬೋ, ಓಜಾ, ತೆಂಗೆನ್, ಗೋಸೇ, ಜೂದಾನ್. ಇವುಗಳ ಹಿಂದೆ ಇರುವುದು ಪತ್ರಿಕೆಗಳ ದುಡ್ಡು. ಕಿಸೇ ಯೋಮಿಯುರಿ ಪತ್ರಿಕೆಯದು, ಮೇಜಿನ್ ಅಸಾಹಿಯದು, ಹೊನಿನ್‌ಬೋ ಮೈನಿಚಿಯದು. ಆಟದ ದಾಖಲೆ ಆ ಪತ್ರಿಕೆಯಲ್ಲಿ ಕಂತು ಕಂತಾಗಿ ಬರುತ್ತದೆ.

ಪದ್ಧತಿ ಹೀಗೆ: ಟೈಟಲ್ ಹೊತ್ತವರು ಕೂತಿರುತ್ತಾರೆ. ಉಳಿದವರು ವರ್ಷಪೂರ್ತಿ ಸೆಣಸಿ, ಅವರಲ್ಲಿ ಒಬ್ಬರು ಸವಾಲು ಹಾಕಲು ಬರುತ್ತಾರೆ. ಮೇಜಿನ್‌ನಲ್ಲಿ 9 ಜನರ ಲೀಗ್ ಇದೆ, ಎಲ್ಲರೂ ಎಲ್ಲರ ಜೊತೆ ಆಡಬೇಕು. ಮೊದಲ ಸ್ಥಾನ ಪಡೆದವರಿಗೆ ಸವಾಲಿನ ಹಕ್ಕು, ಕೊನೆಯ ಮೂವರು ಲೀಗಿನಿಂದ ಹೊರಗೆ.

ಈಗ ಎರಡು ದಿನದ ಆಟ ಉಳಿದಿರುವುದು ಕಿಸೇ ಮತ್ತು ಮೇಜಿನ್‌ನಲ್ಲಿ ಮಾತ್ರ. ಎರಡರಲ್ಲೂ ಏಳು ಆಟದ ಸರಣಿ, ನಾಲ್ಕು ಗೆದ್ದವರಿಗೆ ಟೈಟಲ್. ಒಬ್ಬೊಬ್ಬರಿಗೆ ಯೋಚಿಸಲು 8 ಗಂಟೆ. ಕಿಸೇ ಜನವರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ, ಮೇಜಿನ್ ಆಗಸ್ಟ್ ಕೊನೆಯ ಸುಮಾರಿಗೆ ಶುರುವಾಗಿ ನವೆಂಬರ್‌ವರೆಗೆ. ಹೊನಿನ್‌ಬೋ ಎಲ್ಲಕ್ಕಿಂತ ಹಳೆಯ ಟೈಟಲ್, 1939ರಲ್ಲಿ ಶುರುವಾದದ್ದು. ಅದೂ 2023ರವರೆಗೆ ಎರಡು ದಿನದ್ದೇ ಆಗಿತ್ತು. 2024ರಿಂದ ಅದನ್ನು ಒಂದು ದಿನದ, ಐದು ಆಟದ ಸರಣಿಗೆ ಇಳಿಸಿದರು. ಬಹುಮಾನವನ್ನೂ 2.8 ಕೋಟಿ ಯೆನ್‌ನಿಂದ 85 ಲಕ್ಷಕ್ಕೆ ಇಳಿಸಿದರು. ಪತ್ರಿಕೆಗಳ ಕಾಲ ಮೊದಲಿನ ಹಾಗಿಲ್ಲ ಅನ್ನುವುದು ಬೋರ್ಡಿನ ಮೇಲೂ ಕಾಣುತ್ತಿದೆ. ಹಾಗಾಗಿ ಎರಡು ದಿನದ ಆಟ ನೋಡುವ ಆಸೆ ಇದ್ದರೆ ಮುಂದಕ್ಕೆ ಹಾಕಬೇಡಿ.

ಅಷ್ಟು ಹೊತ್ತು ಕೂರಲು ಆಗದು ಅನ್ನುವವರಿಗೆ ಎನ್‌ಎಚ್‌ಕೆ ಕಪ್ ಇದೆ. ಜಪಾನಿನ ಟಿವಿಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಬರುವ, ಒಂದೂವರೆ ಗಂಟೆಯೊಳಗೆ ಮುಗಿಯುವ ಆಟ. ಒಂದು ನಡೆಗೆ 30 ಸೆಕೆಂಡ್. ನಮ್ಮಲ್ಲಿಗೆ ನೇರ ಪ್ರಸಾರ ಸುಲಭಕ್ಕೆ ಸಿಗುವುದಿಲ್ಲ, ಆಟದ ದಾಖಲೆ ಸಿಗುತ್ತದೆ. ನನ್ನ ಪ್ರಕಾರ ಇದು ಕಲಿಯುವವರಿಗೆ ಅಷ್ಟು ಒಳ್ಳೆಯದಲ್ಲ. ಒಂದು ನಡೆ ಯಾಕೆ ಅಂತ ಯೋಚಿಸುವಷ್ಟರಲ್ಲಿ ನಾಲ್ಕು ನಡೆ ಆಗಿಹೋಗಿರುತ್ತದೆ.

3. ಗಡಿಯಾರ ಹೊಂದಿಸಿಕೊಳ್ಳಿ

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಬೆಳಗ್ಗೆ 9ಕ್ಕೆ ಆಟ ಶುರುವಾದರೆ ಇಲ್ಲಿ 5.30. ಅವರು ಊಟಕ್ಕೆ ಏಳುವ ಹೊತ್ತಿಗೆ ನಮ್ಮ ತಿಂಡಿ, ಬೆಳಗ್ಗೆ 8.30. ಒಂದು ಗಂಟೆ ಬಿಡುವು. ಮೊದಲ ದಿನ ನಿಲ್ಲುವುದು ಅಲ್ಲಿ ಸಂಜೆ 5ರಿಂದ 5.30ರ ಒಳಗೆ, ಅಂದರೆ ಇಲ್ಲಿ ಮಧ್ಯಾಹ್ನ 1.30ರಿಂದ 2. ಎರಡನೇ ದಿನ ಮುಗಿಯುವುದು ಆಟದ ಮೇಲೆ ಹೋಗುತ್ತದೆ. ಸಾಮಾನ್ಯವಾಗಿ ನಮ್ಮ ಮಧ್ಯಾಹ್ನ ಮೂರು ನಾಲ್ಕು ಗಂಟೆಯ ಹೊತ್ತು ಬಿಸಿ ಏರಿರುತ್ತದೆ.

ಇಡೀ ಹೊತ್ತು ಕೂರಬೇಕು ಅಂತೇನಿಲ್ಲ. ಸಮಯ ಕಮ್ಮಿ ಇದ್ದರೆ ಮೂರು ತುಂಡು ನೋಡಿ: ಮೊದಲ ಬೆಳಗಿನ ಒಂದು ಗಂಟೆ, ಎರಡನೇ ಬೆಳಗಿನ ಮೊದಲ ಹತ್ತು ನಿಮಿಷ, ಎರಡನೇ ದಿನದ ಕೊನೆಯ ಎರಡು ಗಂಟೆ. ಅಮೆರಿಕದಲ್ಲಿ ಇರುವವರಿಗೆ ಕೊನೆಯ ತುಂಡು ನಡುರಾತ್ರಿ ದಾಟಿದ ಮೇಲೆ ಬರುತ್ತದೆ. ಅವರು ದಾಖಲೆ ನೋಡುವುದೇ ವಾಸಿ.

ನೋಡುವುದು ಎಲ್ಲಿ? ಜಪಾನಿನ ಗೋ ಸಂಸ್ಥೆ ನಿಹೋನ್ ಕಿಇನ್‌ಗೆ ಯೂಟ್ಯೂಬ್ ಚಾನೆಲ್ ಇದೆ, ವಿವರಣೆ ಜಪಾನಿ ಭಾಷೆಯಲ್ಲಿ. ಇಂಗ್ಲಿಷ್ ಬೇಕಿದ್ದರೆ ಮೈಕೆಲ್ ರೆಡ್ಮಂಡ್ ಅವರ ಚಾನೆಲ್ ಹುಡುಕಿ. ಅಮೆರಿಕದಲ್ಲಿ ಹುಟ್ಟಿ, ಜಪಾನಿನಲ್ಲಿ ವೃತ್ತಿಪರರಾಗಿ, ಅತಿ ಮೇಲಿನ ದರ್ಜೆಯಾದ 9 ದಾನ್‌ವರೆಗೆ ಏರಿದವರು. ಅವಸರವಿಲ್ಲದೆ ಹೇಳುತ್ತಾರೆ. ಎಲ್ಲ ಆಟಕ್ಕೂ ವಿವರಣೆ ಸಿಗುವುದಿಲ್ಲ. ಸಿಗದಿದ್ದಾಗ ಬೋರ್ಡ್ ಮಾತ್ರ ನೋಡುತ್ತಾ ಹೋಗಿ, ಭಾಷೆ ಗೊತ್ತಿಲ್ಲದಿದ್ದರೂ ಕಲ್ಲು ಕಾಣುತ್ತದೆ.

4. ಒಬ್ಬರ ಪಕ್ಷ ಹಿಡಿಯಿರಿ

ಇಬ್ಬರಲ್ಲಿ ಯಾರು ಗೆದ್ದರೂ ನಮಗೇನು ಅಂತ ಕೂತರೆ ಎಂಟು ಗಂಟೆ ಹೋಗುವುದಿಲ್ಲ. ಪಂದ್ಯಕ್ಕೆ ಮೊದಲೇ ಇಬ್ಬರ ಬಗ್ಗೆ ಸ್ವಲ್ಪ ಓದಿಕೊಳ್ಳಿ. ನಾನು ಮೊದಲು ಹೇಳುವ ಹೆಸರು ಇಚಿರಿಕಿ ರ್ಯೋ. ಅವರು ಆಟಗಾರ ಮಾತ್ರವಲ್ಲ, ಸೆಂದಾಯ್ ಊರಿನ ಕಾಹೊಕು ಶಿಂಪೋ ಪತ್ರಿಕೆಗೆ ವರದಿಗಾರರಾಗಿ ಸೇರಿದವರು ಕೂಡ. 2022ರಲ್ಲಿ ಇಯಾಮಾ ಯೂತಾ ಅವರನ್ನು 4-3ರಿಂದ ಸೋಲಿಸಿ ಕಿಸೇ ಆದರು. 2024ರಲ್ಲಿ ಇಂಗ್ ಕಪ್ ಗೆದ್ದರು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ, 4 ಲಕ್ಷ ಡಾಲರ್ ಬಹುಮಾನದ ಪಂದ್ಯ ಅದು. ಜಪಾನಿನವರೊಬ್ಬರು ಅಂಥ ದೊಡ್ಡ ಅಂತರರಾಷ್ಟ್ರೀಯ ಪಂದ್ಯ ಗೆಲ್ಲದೆ 19 ವರ್ಷ ಆಗಿತ್ತು.

ಇಯಾಮಾ ಅವರದು ಬೇರೆ ಕತೆ. 2016ರ ಏಪ್ರಿಲ್‌ನಲ್ಲಿ ಏಳು ಟೈಟಲ್‌ಗಳೂ ಒಟ್ಟಿಗೆ ಅವರ ಕೈಯಲ್ಲಿದ್ದವು. ಹಾಗೆ ಮಾಡಿದವರಲ್ಲಿ ಅವರೇ ಮೊದಲಿಗರು. ಆ ವರ್ಷವೇ ಮೇಜಿನ್ ಕಳೆದುಕೊಂಡು, ಮರುವರ್ಷ ಅದನ್ನು ವಾಪಸ್ ಗೆದ್ದು ಮತ್ತೆ ಏಳನ್ನೂ ಹಿಡಿದರು. ಹೊನಿನ್‌ಬೋ ಒಂದನ್ನೇ 2012ರಿಂದ 2022ರವರೆಗೆ ಸತತ 11 ವರ್ಷ ಬಿಟ್ಟುಕೊಡಲಿಲ್ಲ. 2023ರಲ್ಲಿ ಅದನ್ನು ಕಿತ್ತುಕೊಂಡವರು ಇದೇ ಇಚಿರಿಕಿ. ಇಬ್ಬರಲ್ಲಿ ಯಾರ ಕಡೆ ಸೇರುತ್ತೀರೋ ನಿಮಗೆ ಬಿಟ್ಟದ್ದು. ಕಡೆ ಮಾತ್ರ ಇರಲಿ.

5. ಮೊದಲ ದಿನ: ಮೂಲೆಗಳನ್ನು ನೋಡಿ

ಆಟಗಳು ಒಂದೇ ಊರಲ್ಲಿ ನಡೆಯುವುದಿಲ್ಲ. ಬಿಸಿನೀರ ಬುಗ್ಗೆ ಇರುವ ಊರಿನ ಹಳೆಯ ಛತ್ರದಂಥ ವಸತಿಗೃಹಗಳು, ಹೋಟೆಲ್‌ಗಳು, ಕೆಲವೊಮ್ಮೆ ದೇವಸ್ಥಾನ. ಹಿಂದಿನ ದಿನವೇ ಆಟಗಾರರು ಬಂದು ಕೋಣೆ ನೋಡುತ್ತಾರೆ. ಬೆಳಕು ಸಾಕಾ, ಸದ್ದು ಬರುತ್ತದಾ, ಬೋರ್ಡ್ ಮತ್ತು ಕಲ್ಲು ಸರಿ ಇವೆಯಾ ಅಂತ ಪರೀಕ್ಷೆ ಮಾಡುತ್ತಾರೆ. ಒಳ್ಳೆಯ ಬೋರ್ಡ್ ಕಾಯಾ ಮರದ್ದು, ಬಿಳಿ ಕಲ್ಲು ಚಿಪ್ಪಿನದು, ಕಪ್ಪು ಕಲ್ಲು ಸ್ಲೇಟಿನದು.

ಸರಣಿಯ ಮೊದಲ ಆಟದಲ್ಲಿ ಬಣ್ಣ ಯಾರಿಗೆ ಯಾವುದು ಅಂತ ನಿಗಿರಿ ಮಾಡಿ ತೀರ್ಮಾನಿಸುತ್ತಾರೆ. ಹಿರಿಯರು ಒಂದು ಹಿಡಿ ಬಿಳಿ ಕಲ್ಲು ಹಿಡಿಯುತ್ತಾರೆ, ಎದುರಿನವರು ಬೆಸವೋ ಸಮವೋ ಹೇಳುತ್ತಾರೆ. ಸರಿ ಹೇಳಿದರೆ ಅವರಿಗೆ ಕಪ್ಪು. ಆಮೇಲಿನ ಆಟಗಳಲ್ಲಿ ಬಣ್ಣ ಅದಲು ಬದಲು. ಏಳನೇ ಆಟದವರೆಗೆ ಹೋದರೆ ಮತ್ತೆ ನಿಗಿರಿ.

ಮೊದಲ ಕಲ್ಲುಗಳು ಮೂಲೆಯಲ್ಲೇ ಬೀಳುತ್ತವೆ. ಯಾಕೆ? ಕಾರ್ನರ್ ಸೈಟಿಗೆ ಎರಡು ಕಡೆ ಆಗಲೇ ಗೋಡೆ ಎದ್ದಿದ್ದರೆ ಕಾಂಪೌಂಡ್ ಖರ್ಚು ಅರ್ಧ ಉಳಿಯುತ್ತದೆ ಅಲ್ವಾ, ಹಾಗೆ. ಮೂಲೆಯಲ್ಲಿ ಬೋರ್ಡಿನ ಎರಡು ಅಂಚೇ ಗೋಡೆ. ಕಡಿಮೆ ಕಲ್ಲಿಗೆ ಜಾಸ್ತಿ ಜಾಗ ಸಿಗುತ್ತದೆ. ಮೂಲೆ ಆದ ಮೇಲೆ ಅಂಚು, ಕೊನೆಗೆ ನಡುವೆ.

ಹೊಸಬರು ಈ ಹೊತ್ತಿನಲ್ಲಿ ಮಾಡಬೇಕಾದ್ದು ಒಂದೇ. ನಾಲ್ಕು ಮೂಲೆಗಳನ್ನು ಒಂದೊಂದಾಗಿ ನೋಡಿ, ಇದು ಯಾರದು ಅಂತ ಕೇಳಿಕೊಳ್ಳಿ. ಕಪ್ಪಿನದು, ಬಿಳಿಯದು, ಇನ್ನೂ ತೀರ್ಮಾನವಾಗಿಲ್ಲ. ಮೂರರಲ್ಲಿ ಒಂದು ಉತ್ತರ. ಅದನ್ನು ಒಂದು ಕಾಗದದಲ್ಲಿ ಬರೆದಿಡಿ. ಎರಡು ಗಂಟೆ ಬಿಟ್ಟು ಮತ್ತೆ ಅದೇ ಕೇಳಿಕೊಳ್ಳಿ. ಉತ್ತರ ಬದಲಾದ ಮೂಲೆ ಯಾವುದೋ, ಕತೆ ನಡೆದಿರುವುದು ಅಲ್ಲಿ.

ಇನ್ನೊಂದು ಗಮನಿಸಿ. ಒಬ್ಬರು ಮೂಲೆಯಲ್ಲಿ ಕಲ್ಲಿಟ್ಟ ಸ್ವಲ್ಪ ಹೊತ್ತಿಗೇ ಇನ್ನೊಬ್ಬರು ಅದರ ಅಡಿಗೆ, ಎರಡೂ ಅಂಚಿನಿಂದ ಮೂರನೇ ಗೆರೆಗಳು ಕೂಡುವಲ್ಲಿ ನುಗ್ಗುವುದು ಈಗ ಸಾಮಾನ್ಯ. ಹತ್ತು ವರ್ಷದ ಹಿಂದೆ ಇಷ್ಟು ಬೇಗ ಹಾಗೆ ಆಡಿದ್ದರೆ ಗುರುಗಳು ಬೈಯುತ್ತಿದ್ದರು. 2016ರ ಮಾರ್ಚ್‌ನಲ್ಲಿ ಸಿಯೋಲ್‌ನಲ್ಲಿ ಆಲ್ಫಾಗೋ ಅನ್ನುವ ಪ್ರೋಗ್ರಾಂ ಕೊರಿಯಾದ ಲೀ ಸೆಡೊಲ್ ಅವರನ್ನು 4-1ರಿಂದ ಸೋಲಿಸಿತಲ್ಲ, ಅದರ ನಂತರ ಯಂತ್ರಗಳು ಆಡಿದ ಆಟ ನೋಡಿ ಮನುಷ್ಯರು ಕಲಿತದ್ದು ಇದು.

6. ಮುಚ್ಚಿಟ್ಟ ನಡೆ

ಮೊದಲ ದಿನದ ಸಂಜೆ ಎರಡು ದಿನದ ಆಟದ ತಿರುಳು ಇರುವ ಹೊತ್ತು. ಇದನ್ನು ತಪ್ಪಿಸಬೇಡಿ.

ಸಮಸ್ಯೆ ಸರಳ. ಒಬ್ಬರು ಕಲ್ಲಿಟ್ಟ ಮೇಲೆ ಆ ದಿನದ ಆಟ ನಿಲ್ಲಿಸಿದರೆ, ಎದುರಿನವರಿಗೆ ರಾತ್ರಿಯಿಡೀ ಯೋಚಿಸಲು ಸಿಗುತ್ತದೆ. ಅದೂ ಗಡಿಯಾರ ಓಡದೆ. ಹಳೆಯ ಕಾಲದಲ್ಲಿ ಹಿರಿಯರಿಗೆ ಈ ಲಾಭ ಹಕ್ಕಾಗಿಯೇ ಇತ್ತು. ಆಟ ಯಾವಾಗ ನಿಲ್ಲಿಸಬೇಕು ಅನ್ನುವುದು ಅವರ ಇಷ್ಟ.

ಇದರ ಪರಮಾವಧಿ 1933ರ ಅಕ್ಟೋಬರ್‌ನಲ್ಲಿ ಶುರುವಾದ ಆಟ. ಒಂದು ಕಡೆ ಹೊನಿನ್‌ಬೋ ಶೂಸಾಯ್, ಆ ಕಾಲದ ಮೇಜಿನ್. ಆಗ ಇವು ಪಂದ್ಯದ ಟೈಟಲ್ ಅಲ್ಲ, ಹೊನಿನ್‌ಬೋ ಒಂದು ಗೋ ಮನೆತನದ ಹೆಸರು, ಮೇಜಿನ್ ಎಲ್ಲಕ್ಕಿಂತ ಮೇಲಿನ ಪದವಿ. ಇನ್ನೊಂದು ಕಡೆ ಚೀನಾದಿಂದ ಬಂದ ಹುಡುಗ, ಜಪಾನಿನಲ್ಲಿ ಗೋ ಸೇಗೆನ್ ಅಂತ ಹೆಸರಾದವರು. ಹುಡುಗ ಕಪ್ಪು ಹಿಡಿದು ಮೊದಲ ಮೂರು ಕಲ್ಲನ್ನು ಯಾರೂ ಊಹಿಸದ ಜಾಗದಲ್ಲಿ ಇಟ್ಟ. ಮೂರನೆಯದು ಬೋರ್ಡಿನ ನಟ್ಟನಡುವೆ. ಆಟ 13 ಸಲ ನಿಂತಿತು, ಪ್ರತಿ ಸಲವೂ ಶೂಸಾಯ್ ಆಡಬೇಕಾದ ಸರದಿಯಲ್ಲೇ. ಮುಗಿದದ್ದು 1934ರ ಜನವರಿಯಲ್ಲಿ. ಬಿಳಿಯ 160ನೇ ನಡೆ ಆಟವನ್ನೇ ತಿರುಗಿಸಿತು, ಶೂಸಾಯ್ 2 ಅಂಕದಿಂದ ಗೆದ್ದರು. ಆ ನಡೆ ಹೊಳೆದದ್ದು ಗುರುವಿಗಲ್ಲ, ಅವರ ಶಿಷ್ಯ ಮಾಯೆದಾ ಅವರಿಗೆ ಅನ್ನುವ ಮಾತು ಇವತ್ತಿಗೂ ನಿಂತಿಲ್ಲ. ನಿಜವೋ ಸುಳ್ಳೋ, ಬಿಡುವಿನಲ್ಲಿ ಮನೆಯಲ್ಲಿ ಶಿಷ್ಯರ ಜೊತೆ ಕೂತು ನೋಡಲು ಅವಕಾಶ ಇತ್ತು ಅನ್ನುವುದಂತೂ ನಿಜ.

1938ರಲ್ಲಿ ಶೂಸಾಯ್ ನಿವೃತ್ತಿಯ ಆಟ ಆಡಿದಾಗ ಎದುರಾಳಿ ಕಿತಾನಿ ಮಿನೋರು. ಒಬ್ಬೊಬ್ಬರಿಗೆ 40 ಗಂಟೆ. ಜೂನ್‌ನಲ್ಲಿ ಶುರುವಾಗಿ, ನಡುವೆ ಹಿರಿಯರ ಕಾಯಿಲೆಯಿಂದ ನಿಂತು, ಡಿಸೆಂಬರ್‌ನಲ್ಲಿ ಮುಗಿಯಿತು. ಆ ಆಟದಲ್ಲಿ ಮುಚ್ಚಿಟ್ಟ ನಡೆಯ ನಿಯಮ ಇತ್ತು, ಅಂದರೆ ಆಟ ನಿಲ್ಲಿಸುವ ಮೊದಲು ಸರದಿ ಇದ್ದವರು ಮುಂದಿನ ನಡೆಯನ್ನು ಎದುರಾಳಿಗೆ ತೋರಿಸದೆ ಬರೆದು ಮುಚ್ಚಿಡಬೇಕು. ಆದರೂ ಜಗಳ ತಪ್ಪಲಿಲ್ಲ. ಕಿತಾನಿ ಮುಚ್ಚಿಟ್ಟ 121ನೇ ನಡೆ ತೆರೆದು ನೋಡಿದರೆ, ಹೋರಾಟ ನಡೆಯುತ್ತಿದ್ದ ಜಾಗಕ್ಕೆ ಸಂಬಂಧವೇ ಇಲ್ಲದ, ಎದುರಾಳಿ ಉತ್ತರ ಕೊಡಲೇಬೇಕಾದ ಒಂದು ನಡೆ. ಅಂದರೆ ರಾತ್ರಿಯ ಸಮಯ ತನಗೇ ಉಳಿಸಿಕೊಂಡ ಹಾಗಾಯಿತು. ಶೂಸಾಯ್‌ಗೆ ತುಂಬಾ ಬೇಸರವಾಯಿತು. ಸ್ವಲ್ಪ ಹೊತ್ತಿಗೆ 130ನೇ ನಡೆಯಲ್ಲಿ ಎಡವಿದರು, 5 ಅಂಕದಿಂದ ಸೋತರು. ಪತ್ರಿಕೆಗೆ ಆ ಆಟದ ವರದಿ ಬರೆದವರು ಮುಂದೆ ನೊಬೆಲ್ ಪಡೆದ ಕವಾಬಾತಾ ಯಾಸುನಾರಿ.

ಈಗ ಹೀಗೆ ಮಾಡುತ್ತಾರೆ. ಗೊತ್ತಾದ ಸಮಯಕ್ಕೆ ರೆಫರಿ, ಈಗ ಸರದಿ ಯಾರದೋ ಅವರು ನಡೆ ಮುಚ್ಚಬೇಕು ಅಂತ ಹೇಳುತ್ತಾರೆ. ಅವರು ಬೇಕಾದಷ್ಟು ಯೋಚಿಸಬಹುದು, ಅವರ ಗಡಿಯಾರ ಓಡುತ್ತಿರುತ್ತದೆ. ತೀರ್ಮಾನವಾದ ಮೇಲೆ ಕಲ್ಲನ್ನು ಬೋರ್ಡ್ ಮೇಲೆ ಇಡುವುದಿಲ್ಲ. ಆಟದ ಚಿತ್ರ ಇರುವ ಹಾಳೆಯಲ್ಲಿ ಗುರುತು ಹಾಕಿ, ಲಕೋಟೆಯಲ್ಲಿಟ್ಟು ಅಂಟಿಸಿ ರೆಫರಿಗೆ ಕೊಡುತ್ತಾರೆ. ಈಗ ಒಬ್ಬರಿಗೆ ನಡೆ ಗೊತ್ತು, ಆದರೆ ಬದಲಿಸುವಂತಿಲ್ಲ. ಇನ್ನೊಬ್ಬರಿಗೆ ಗೊತ್ತಿಲ್ಲ. ಲಾಭ ಯಾರಿಗೂ ಪೂರ್ತಿ ಇಲ್ಲ.

ನೀವು ಮಾಡಬೇಕಾದ್ದು: ಆ ಹೊತ್ತಿನ ಬೋರ್ಡಿನ ಚಿತ್ರ ತೆಗೆದಿಟ್ಟುಕೊಳ್ಳಿ. ನಿಮಗೆ ತೋಚಿದ ಮೂರು ಜಾಗಕ್ಕೆ ಗುರುತು ಹಾಕಿ. ಪ್ರತಿಯೊಂದಕ್ಕೂ ಕಾರಣ ಒಂದೊಂದು ಸಾಲು ಬರೆಯಿರಿ. ಸುಮ್ನೆ ಮನಸ್ಸಿನಲ್ಲಿ ಅಂದುಕೊಂಡರೆ ಆಗದು, ಬೆಳಗ್ಗೆ ನಿಜವಾದ ನಡೆ ನೋಡಿದಾಗ "ನಾನೂ ಅದನ್ನೇ ಅಂದುಕೊಂಡಿದ್ದೆ" ಅಂತ ಮನಸ್ಸು ಮೋಸ ಮಾಡುತ್ತದೆ.

7. ಎರಡನೇ ಬೆಳಗ್ಗೆ

ಇಬ್ಬರೂ ಬಂದು ಕೂತು, ಹಿಂದಿನ ದಿನದ ಎಲ್ಲ ನಡೆಗಳನ್ನು ಮೊದಲಿನಿಂದ ಬೋರ್ಡ್ ಮೇಲೆ ಇಡುತ್ತಾರೆ. ದಾಖಲೆ ಬರೆಯುವವರು ಒಂದೊಂದೇ ನಡೆ ಓದುತ್ತಾರೆ. ಹೊಸಬರಿಗೆ ಇದು ಬಂಗಾರದಂಥ ಹತ್ತು ನಿಮಿಷ. ನಿನ್ನೆ ಎಂಟು ಗಂಟೆ ತೆಗೆದುಕೊಂಡದ್ದು ಕಣ್ಣ ಮುಂದೆ ಸರಸರ ಓಡುತ್ತದೆ. ಕಲ್ಲುಗಳ ಆಕಾರ ಹೇಗೆ ಬೆಳೆಯಿತು ಅಂತ ಆಗ ಕಾಣುತ್ತದೆ. ಆಮೇಲೆ ರೆಫರಿ ಲಕೋಟೆ ಕತ್ತರಿಸುತ್ತಾರೆ.

1945ರ ಆಗಸ್ಟ್ 6ರ ಬೆಳಗ್ಗೆ ಹಿರೋಷಿಮಾದ ಹೊರವಲಯದ ಇತ್ಸುಕಾಯಿಚಿಯಲ್ಲಿ ಹೊನಿನ್‌ಬೋ ಸರಣಿಯ ಎರಡನೇ ಆಟದ ಮೂರನೇ ದಿನ. ಹಾಶಿಮೋತೋ ಉತಾರೋ ಮತ್ತು ಇವಾಮೋತೋ ಕಾವೋರು ಹಿಂದಿನ ದಿನದ ಆಟವನ್ನು ಹೀಗೇ ಜೋಡಿಸಿದ್ದರು. 8.15ಕ್ಕೆ ಬಾಂಬ್ ಬಿತ್ತು. ಗಾಳಿಯ ಹೊಡೆತಕ್ಕೆ ಕಲ್ಲುಗಳು ಚೆಲ್ಲಾಪಿಲ್ಲಿಯಾದವು. ಮೊದಲು ಪಂದ್ಯ ನಗರದೊಳಗೆ ನಡೆಯುತ್ತಿತ್ತು, ವಿಮಾನ ದಾಳಿಯ ಭಯದಿಂದ ಆಚೆಗೆ ಹೋಗಿ ಅಂತ ಪೊಲೀಸ್ ಮುಖ್ಯಸ್ಥರು ಹೇಳಿದ್ದರಿಂದ ಅವರು ಉಳಿದರು. ಮಧ್ಯಾಹ್ನದ ಊಟದ ನಂತರ ಆಟ ಮುಂದುವರಿಸಿ ಮುಗಿಸಿದರು. ಬಿಳಿ ಹಿಡಿದಿದ್ದ ಹಾಶಿಮೋತೋ 5 ಅಂಕದಿಂದ ಗೆದ್ದರು. ಇವಾಮೋತೋ ಮುಂದೆ ಬೇರೆ ಬೇರೆ ದೇಶಗಳಲ್ಲಿ ಗೋ ಕೇಂದ್ರ ಕಟ್ಟಲು ತಮ್ಮ ದುಡ್ಡು, ಸಮಯ ಎರಡನ್ನೂ ಸುರಿದರು.

8. ಮಧ್ಯಾಹ್ನ: ಬೋರ್ಡ್ ಬಿಟ್ಟು ಗಡಿಯಾರ ನೋಡಿ

ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಪರದೆಯ ಮೂಲೆಯಲ್ಲಿ ಇಬ್ಬರ ಉಳಿದ ಸಮಯ ನೋಡಿ. ಒಬ್ಬರಿಗೆ ಎರಡು ಗಂಟೆ, ಇನ್ನೊಬ್ಬರಿಗೆ ಹದಿನೈದು ನಿಮಿಷ ಇದ್ದರೆ ಆಟ ಸಮ ಇದ್ದರೂ ಸಮ ಅಲ್ಲ.

ಯಾವ ನಡೆಗೆ ಹೆಚ್ಚು ಹೊತ್ತು ತೆಗೆದುಕೊಂಡರು ಅನ್ನುವುದನ್ನೂ ಗುರುತು ಹಾಕಿ. ತಿರುವು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. 1978ರ ಕಿಸೇ ಸರಣಿಯಲ್ಲಿ ಫುಜಿಸಾವಾ ಶೂಕೋ ಅವರು ಕಾತೋ ಮಸಾವೋ ಎದುರು 1-3ರಿಂದ ಹಿಂದಿದ್ದರು. ಇನ್ನೊಂದು ಸೋತರೆ ಟೈಟಲ್ ಹೋಗುತ್ತಿತ್ತು. ಐದನೇ ಆಟದಲ್ಲಿ 93ನೇ ನಡೆಗೆ ಮುಂಚೆ 2 ಗಂಟೆ 57 ನಿಮಿಷ ಕೂತು ಲೆಕ್ಕ ಹಾಕಿದರು. ಆಮೇಲೆ ಕಾತೋ ಅವರ ದೊಡ್ಡ ಗುಂಪನ್ನೇ ಕೊಂದರು. ಆ ಆಟ ಗೆದ್ದು, ಸರಣಿಯನ್ನೂ 4-3ರಿಂದ ಗೆದ್ದರು. ಕೊಲ್ಲುವುದರಲ್ಲಿ ಹೆಸರಾಗಿದ್ದವರು ಕಾತೋ ಅನ್ನುವುದು ಇಲ್ಲಿನ ತಮಾಷೆ.

ಸಮಯ ಮುಗಿಯುತ್ತಾ ಬಂದಾಗ ಸೆಕೆಂಡ್ ಓದಲು ಶುರು ಮಾಡುತ್ತಾರೆ. ಇದಕ್ಕೆ ಬ್ಯೋಯೋಮಿ ಅನ್ನುತ್ತಾರೆ. ನಿಯಮ ಸ್ವಲ್ಪ ಗೊಂದಲ ಅನ್ನಿಸಬಹುದು. ಜಪಾನಿನ ಈ ಪಂದ್ಯಗಳಲ್ಲಿ ಒಂದು ನಿಮಿಷ ಪೂರ್ತಿ ಆದರೆ ಮಾತ್ರ ಲೆಕ್ಕಕ್ಕೆ. 59 ಸೆಕೆಂಡಿನಲ್ಲಿ ಆಡಿದರೆ ಒಂದು ನಿಮಿಷವೂ ಕಳೆಯುವುದಿಲ್ಲ. ಹಾಗಾಗಿ ಹತ್ತು ನಿಮಿಷ ಉಳಿದವರು ಇನ್ನೂ ನೂರು ನಡೆ ಆಡಬಹುದು, ಪ್ರತಿಯೊಂದೂ ಒಂದು ನಿಮಿಷದೊಳಗೆ ಇದ್ದರೆ. ಉಳಿದದ್ದು ಒಂದೇ ನಿಮಿಷ ಆದಾಗ ಮೀರುವಂತೇ ಇಲ್ಲ. ಮೂವತ್ತು, ನಲವತ್ತು, ಐವತ್ತು, ಆಮೇಲೆ ಒಂದು, ಎರಡು, ಮೂರು... ಹತ್ತು ಅಂದರೆ ಸೋಲು. ಈ ದನಿ ಕೇಳಿದ ಮೇಲೆ ಫೋನ್ ಕೆಳಗಿಡಿ. ದೊಡ್ಡ ದೊಡ್ಡವರು ತಪ್ಪು ಮಾಡುವುದು ಈಗಲೇ.

9. ಎಐ ಪಟ್ಟಿಯನ್ನು ಏನು ಮಾಡಬೇಕು

ಈಗಿನ ಪ್ರಸಾರಗಳಲ್ಲಿ ಯಾರು ಗೆಲ್ಲುವ ಸಾಧ್ಯತೆ ಎಷ್ಟು ಅಂತ ಎಐ ಹಾಕಿದ ಅಂದಾಜನ್ನು ಪರದೆಯ ಮೇಲೆ ಒಂದು ಪಟ್ಟಿಯಲ್ಲಿ ಶೇಕಡಾ ಲೆಕ್ಕದಲ್ಲಿ ತೋರಿಸುತ್ತಾರೆ. ನನ್ನ ಸಲಹೆ: ಮೊದಲ ದಿನ ಅದರ ಮೇಲೆ ಒಂದು ಚೀಟಿ ಅಂಟಿಸಿ. ತಮಾಷೆ ಅಲ್ಲ. ಒಮ್ಮೆ ಕಣ್ಣು ಅಲ್ಲಿ ಹೋದರೆ ನೀವು ಬೋರ್ಡ್ ನೋಡುವುದನ್ನು ಬಿಟ್ಟು ಶೇರು ಪೇಟೆ ನೋಡುವವರಾಗುತ್ತೀರಿ.

ಎರಡನೇ ದಿನ ತೆರೆಯಿರಿ, ಆದರೆ ಅರ್ಥ ತಿಳಿದು ನೋಡಿ. ಶೇಕಡಾ 90 ಅಂದರೆ ಆಟ ಮುಗಿದಿದೆ ಅಂತಲ್ಲ. ಯಂತ್ರ ಎರಡೂ ಕಡೆಯಿಂದ ತಾನೇ ಆಡಿದರೆ ಏನಾಗುತ್ತದೆ ಅನ್ನುವ ಅಂದಾಜು ಅದು. ಆಡುತ್ತಿರುವವರು ಮನುಷ್ಯರು, ಒಂದು ನಿಮಿಷದ ಗಡಿಯಾರ ಓಡುತ್ತಿದೆ. ಒಂದೇ ನಡೆಗೆ 95 ಇದ್ದದ್ದು 10ಕ್ಕೆ ಬೀಳಬಹುದು. ಶೇಕಡಾಗಿಂತ ಎಷ್ಟು ಅಂಕ ಮುಂದೆ ಅನ್ನುವ ಸಂಖ್ಯೆ ಹೆಚ್ಚು ಉಪಯೋಗ. ಆಟದ ಕೊನೆಯಲ್ಲಿ ಅರ್ಧ ಅಂಕ ಮುಂದಿದ್ದರೂ ಶೇಕಡಾ 98 ತೋರಿಸುತ್ತದೆ, ನೋಡುವವರಿಗೆ ಭಾರಿ ಅಂತರ ಅನ್ನಿಸುತ್ತದೆ.

10. ಎಣಿಕೆ

150 ನಡೆ ದಾಟಿದ ಮೇಲೆ ನೀವೇ ಎಣಿಸಲು ನೋಡಿ. ಜಪಾನಿ ಪದ್ಧತಿಯಲ್ಲಿ ಸುತ್ತುವರಿದ ಖಾಲಿ ಜಾಗಕ್ಕೆ ಒಂದೊಂದು ಅಂಕ, ಹಿಡಿದ ಕಲ್ಲಿಗೆ ಒಂದೊಂದು ಅಂಕ. ಒಂದೊಂದು ಪ್ರದೇಶವನ್ನು ಬೇರೆ ಬೇರೆ ಎಣಿಸಿ ಕೂಡಿಸಿ. ನೆನಪಿಡಬೇಕಾದ ಸಂಖ್ಯೆ 7. ಬೋರ್ಡಿನಲ್ಲಿ ಕಪ್ಪು 7 ಅಂಕ ಮುಂದಿದ್ದರೆ ಅರ್ಧ ಅಂಕದ ಗೆಲುವು. 6 ಮಾತ್ರ ಮುಂದಿದ್ದರೆ ಅರ್ಧ ಅಂಕದ ಸೋಲು. ನಿಮ್ಮ ಎಣಿಕೆ ಐದಾರು ಅಂಕ ತಪ್ಪಬಹುದು. ಎಣಿಸಿದರೆ ಸಾಕು, ಸಣ್ಣ ಸಣ್ಣ ನಡೆಗೂ ಅವರು ಯಾಕೆ ಅಷ್ಟು ಒದ್ದಾಡುತ್ತಾರೆ ಅಂತ ಗೊತ್ತಾಗುತ್ತದೆ.

ತುಂಬಾ ಆಟಗಳು ಎಣಿಕೆಗೆ ಹೋಗುವುದೇ ಇಲ್ಲ. ಸೋಲು ಖಚಿತ ಅನ್ನಿಸಿದವರು ತಲೆಬಾಗಿ ಒಪ್ಪಿಕೊಳ್ಳುತ್ತಾರೆ. ದಾಖಲೆಯಲ್ಲಿ ಬಿ+ಆರ್ ಅಂತ ಇದ್ದರೆ ಎದುರಾಳಿ ಸೋಲೊಪ್ಪಿ ಕಪ್ಪು ಗೆದ್ದಿತು ಅಂತ. ಡಬ್ಲ್ಯೂ+2.5 ಅಂದರೆ ಬಿಳಿಗೆ ಎರಡೂವರೆ ಅಂಕದ ಗೆಲುವು.

ಇದೇ ಕಣ್ಣಿಟ್ಟುಕೊಂಡು ಅಂತರರಾಷ್ಟ್ರೀಯ ಪಂದ್ಯಕ್ಕೆ ಹೋದಾಗ ನಿಯಮ ಯಾವ ದೇಶದ್ದು ಅಂತ ಮೊದಲು ನೋಡಿ. ಚೀನಾದಲ್ಲಿ ಕೋಮಿ 7.5, ಮತ್ತು ಅಲ್ಲಿ ಬೋರ್ಡ್ ಮೇಲಿನ ಕಲ್ಲನ್ನೂ ಜಾಗವನ್ನೂ ಸೇರಿಸಿ ಎಣಿಸುತ್ತಾರೆ. ಹಿಡಿದ ಕಲ್ಲಿಗೆ ಲೆಕ್ಕವಿಲ್ಲ. ಹಾಗಾಗಿ ಅದನ್ನು ಎಲ್ಲಿಟ್ಟರೂ ನಡೆಯುತ್ತದೆ. ಕೊರಿಯಾದಲ್ಲಿ ಹಿಡಿದ ಕಲ್ಲಿಗೆ ಅಂಕ ಇದೆ, ಅದು ಎದುರಾಳಿಗೆ ಕಾಣುವಂತೆ ಕಲ್ಲು ತುಂಬುವ ಬಟ್ಟಲಿನ ಮುಚ್ಚಳದಲ್ಲಿರಬೇಕು. 2025ರ ಜನವರಿಯಲ್ಲಿ ಕೊರಿಯಾದ ಎಲ್‌ಜಿ ಕಪ್ ಅನ್ನುವ ಅಂತರರಾಷ್ಟ್ರೀಯ ಪಂದ್ಯದ ಫೈನಲ್‌ನಲ್ಲಿ ಚೀನಾದ ಕ ಜಿಯೆ ಮೊದಲ ಆಟ ಗೆದ್ದಿದ್ದರು. ಎರಡನೇ ಆಟದಲ್ಲಿ ಕಲ್ಲು ಮುಚ್ಚಳದಲ್ಲಿ ಇಡಲಿಲ್ಲ ಅಂತ ಎರಡು ಸಲ ದಂಡ ಬಿತ್ತು, ಆಟವೇ ಹೋಯಿತು. ಮೂರನೇ ಆಟದಲ್ಲೂ ಅದೇ ಕಾರಣಕ್ಕೆ 2 ಅಂಕ ದಂಡ ಹಾಕಿದಾಗ ಅವರು ಆಟ ಮುಂದುವರಿಸಲಿಲ್ಲ. ಕೊರಿಯಾದ ಬ್ಯೊನ್ ಸಾಂಗ್‌ಇಲ್ ಗೆದ್ದರು ಅಂತ ಘೋಷಿಸಿದರು. ನಿಯಮ ನಿಯಮವೇ, ಒಪ್ಪೋಣ. ಆದರೆ ಫೈನಲ್ ಒಂದು ಮುಚ್ಚಳದ ಮೇಲೆ ತೀರ್ಮಾನವಾಗುವುದು ಯಾರಿಗೂ ಹಿಡಿಸಲಿಲ್ಲ.

11. ಮುಗಿದ ಮೇಲೆ

ಆಟ ಮುಗಿದ ತಕ್ಷಣ ಪ್ರಸಾರ ಬಂದ್ ಮಾಡಬೇಡಿ. ಗೆದ್ದವರು, ಸೋತವರು ಅಲ್ಲೇ ಕೂತು ಆಟವನ್ನು ಮತ್ತೆ ಬಿಡಿಸಿ ನೋಡುತ್ತಾರೆ. ಇಲ್ಲಿ ಹೀಗೆ ಆಡಿದ್ದರೆ, ಅಲ್ಲಿ ಹಾಗೆ ಆಡಿದ್ದರೆ ಅಂತ ಮೆಲ್ಲಗೆ ಮಾತು. ಭಾಷೆ ಬರದಿದ್ದರೂ ಅವರ ಬೆರಳು ಯಾವ ಜಾಗಕ್ಕೆ ಪದೇ ಪದೇ ಹೋಗುತ್ತದೆ ಅಂತ ಗಮನಿಸಿ. ಅದನ್ನು ನಿಮ್ಮ ಕಾಗದದಲ್ಲಿ ಬರೆದುಕೊಳ್ಳಿ.

ಮರುದಿನ ಆಟದ ದಾಖಲೆ ಇಳಿಸಿಕೊಳ್ಳಿ. ಅದು ಎಸ್‌ಜಿಎಫ್ ಅನ್ನುವ ಫೈಲ್ ರೂಪದಲ್ಲಿ ಬರುತ್ತದೆ, ಗೋ4ಗೋ ತಾಣದಲ್ಲಿ ವೃತ್ತಿಪರರ ಆಟಗಳು ಸಿಗುತ್ತವೆ. ಮೊದಲು ಯಂತ್ರ ಇಲ್ಲದೆ, ನಿಜವಾದ ಬೋರ್ಡ್ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ, ಮೊದಲ 50 ನಡೆ ಕೈಯಾರೆ ಇಡಿ. ಆಮೇಲೆ ಕಟಾಗೋ ಅನ್ನುವ ಉಚಿತ ಎಂಜಿನ್‌ಗೆ ಕೊಡಿ. ಅದನ್ನು ಸುಲಭವಾಗಿ ಬಳಸಲು ಕಟ್ರೇನ್ ಅನ್ನುವ ಪ್ರೋಗ್ರಾಂ ಇದೆ. ಇಡೀ ಆಟ ಪರೀಕ್ಷಿಸಬೇಡಿ. ಮೂರು ಜಾಗ ಸಾಕು: ಮುಚ್ಚಿಟ್ಟ ನಡೆ, ಅತಿ ಹೆಚ್ಚು ಹೊತ್ತು ಯೋಚಿಸಿದ ನಡೆ, ಅವರ ಬೆರಳು ಹೋದ ಜಾಗ. ಮುಚ್ಚಿಟ್ಟ ನಡೆಗೆ ನೀವು ಹಾಕಿದ್ದ ಮೂರು ಗುರುತುಗಳನ್ನೂ ಎಂಜಿನ್‌ಗೆ ಕೇಳಿ. ಎಷ್ಟು ಅಂಕ ನಷ್ಟ ಅಂತ ಅದು ಹೇಳುತ್ತದೆ.

ಜಪಾನಿಗೆ ಹೋಗುವ ಅವಕಾಶ ಇದ್ದರೆ ಪಂದ್ಯ ನಡೆಯುವ ಕಟ್ಟಡದಲ್ಲೇ ಅಥವಾ ಪಕ್ಕದಲ್ಲಿ ದೊಡ್ಡ ಬೋರ್ಡ್ ಇಟ್ಟು ವಿವರಣೆ ನಡೆಸುತ್ತಾರೆ, ವಿಚಾರಿಸಿ. ಆಟದ ಕೋಣೆಗೆ ಬಿಡುವುದಿಲ್ಲ. ನಡುವೆ ಮುಂದಿನ ನಡೆ ಯಾವುದು ಅಂತ ಪ್ರೇಕ್ಷಕರಿಗೆ ಸ್ಪರ್ಧೆ ಇಡುವುದುಂಟು, ಚೀಟಿಯಲ್ಲಿ ಬರೆದುಕೊಡಬೇಕು. ಟೋಕಿಯೋದಲ್ಲಿ ಇದ್ದರೆ ಇಚಿಗಾಯಾ ಬಡಾವಣೆಯ ನಿಹೋನ್ ಕಿಇನ್ ಕಟ್ಟಡಕ್ಕೆ ಹೋಗಿ ಬನ್ನಿ. ಅಲ್ಲಿನ ಯೂಗೆನ್ ಕೋಣೆಯಲ್ಲಿ ಕವಾಬಾತಾ ಅವರ ಕೈಬರಹದ ನಾಲ್ಕು ಅಕ್ಷರ ತೂಗುಹಾಕಿದೆ, ದೊಡ್ಡ ಆಟಗಳು ನಡೆಯುವುದು ಅದರ ಮುಂದೆ.

ಸರಣಿಯ ಒಂದು ಆಟಕ್ಕೂ ಮುಂದಿನದಕ್ಕೂ ನಡುವೆ ಕೆಲವು ದಿನ ಬಿಡುವು ಇರುತ್ತದೆ. ಮುಂದಿನ ಆಟದಲ್ಲಿ ಬಣ್ಣ ಅದಲು ಬದಲಾಗಿರುತ್ತದೆ. ಮೊದಲ ಆಟದಲ್ಲಿ ಕಪ್ಪು ಹಿಡಿದವರು ಯಾವ ಮೂಲೆಯಿಂದ ಶುರು ಮಾಡಿದರು ಅಂತ ಬರೆದಿಟ್ಟುಕೊಂಡಿರಿ. ಮೂರನೇ ಆಟದಲ್ಲಿ ಅವರೇ ಮತ್ತೆ ಕಪ್ಪು ಹಿಡಿಯುತ್ತಾರೆ.